ದೊಡ್ಡ ಸಿಕ್ಲಿಡ್‌ಗಳು ಒಂದೇ ತೊಟ್ಟಿಯಲ್ಲಿ: ಬೆಂಗಳೂರಿನ ಮನೆಗಳಿಗೊಂದು ಮಾರ್ಗದರ್ಶಿ

ಸಿಕ್ಲಿಡ್ ಮೀನುಗಳು ಜಗಳವಾಡುವುದು ಹೆಚ್ಚಾಗಿ ಜಾಗಕ್ಕಾಗಿ. ಒಂದು ಕಲ್ಲಿನ ಮರೆ, ಮೊಟ್ಟೆಯಿಡಲು ಹದವಾದ ಒಂದು ಚಪ್ಪಟೆ ಬಂಡೆ, ತೊಟ್ಟಿಯ ಒಂದು ಮೂಲೆ, ಇವುಗಳಲ್ಲಿ ಯಾವುದನ್ನಾದರೂ ತನ್ನದೆಂದು ಮಾಡಿಕೊಂಡ ಮೇಲೆ ಅತ್ತ ಸುಳಿದ ಪ್ರತಿಯೊಂದು ಮೀನನ್ನೂ ಅದು ಓಡಿಸುತ್ತದೆ. ನದಿಯಲ್ಲಾದರೆ ಸೋತ ಮೀನು ಹತ್ತಾರು ಅಡಿ ದೂರ ಹೋಗಿ ಬದುಕಿಕೊಳ್ಳುತ್ತದೆ. ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ಎಡೆಯಿಲ್ಲ, ಗೆದ್ದ ಮೀನಿನ ಕಣ್ಣಿಗೆ ದಿನವಿಡೀ ಬೀಳುತ್ತಲೇ ಇರುತ್ತದೆ, ಏಟು ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಯಾವ ಮೀನಿಗೆ ಯಾವ ಮೀನು ಹೊಂದುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಮೀನಿನ ಸ್ವಭಾವದಲ್ಲಿದ್ದರೆ, ಉಳಿದರ್ಧ ತೊಟ್ಟಿಯ ತಳದ ಅಳತೆಯಲ್ಲಿ, ಕಲ್ಲುಗಳನ್ನು ಜೋಡಿಸುವ ಬಗೆಯಲ್ಲಿ ಮತ್ತು ಮೀನುಗಳನ್ನು ಬಿಡುವ ಕ್ರಮದಲ್ಲಿ ಇದೆ.

ಈ ಕುಟುಂಬದ ಮೀನುಗಳು ದಕ್ಷಿಣ ಮತ್ತು ಮಧ್ಯ ಅಮೆರಿಕ, ಆಫ್ರಿಕಾ, ಮಡಗಾಸ್ಕರ್, ಭಾರತ ಮತ್ತು ಶ್ರೀಲಂಕಾಗಳಲ್ಲಿ ಹರಡಿಕೊಂಡಿವೆ. ಕೇರಳದ ಊಟದಲ್ಲಿ ಹೆಸರಾದ ಕರಿಮೀನು ಸಿಕ್ಲಿಡ್ ಜಾತಿಯದೇ. ಅದರ ಹತ್ತಿರದ ಬಂಧುವಾದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನು ನಮ್ಮ ಕರಾವಳಿಯ ನದಿಗಳಿಗಷ್ಟೇ ಸೀಮಿತವಾದದ್ದು. ಆದರೆ ಬೆಂಗಳೂರಿನ ಅಂಗಡಿಗಳಲ್ಲಿ ದೊಡ್ಡ ಸಿಕ್ಲಿಡ್ ಎಂದರೆ ಸಾಮಾನ್ಯವಾಗಿ ಸಿಗುವುದು ಆಸ್ಕರ್, ಫ್ಲವರ್‌ಹಾರ್ನ್, ಪ್ಯಾರಟ್, ಸೆವೆರಮ್, ಗ್ರೀನ್ ಟೆರರ್, ಜ್ಯಾಕ್ ಡೆಂಪ್ಸಿ, ಜಿಯೋಫೇಗಸ್, ಫ್ರಂಟೋಸಾ ಮುಂತಾದವು. ಇಲ್ಲಿನ ಮಾತೆಲ್ಲ ಇವುಗಳ ಕುರಿತೇ.

ಮೊದಲ ಹಂತ: ತೊಟ್ಟಿ, ಮತ್ತು ಅದು ನಿಲ್ಲುವ ನೆಲ

ಅಂಗಡಿಯಲ್ಲಿ ಎರಡು ಅಂಗುಲದ ಆಸ್ಕರ್ ಮರಿ ಕಂಡಾಗ ಅದು ವರ್ಷದೊಳಗೆ 20ರಿಂದ 25 ಸೆಂ.ಮೀ. ಬೆಳೆಯುತ್ತದೆ, ಕೊನೆಗೆ 30 ಸೆಂ.ಮೀ. ದಾಟುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ ಎಂಬುದನ್ನು ನಂಬುವುದು ಕಷ್ಟ. ಆದರೂ ತೊಟ್ಟಿಯನ್ನು ಕೊಳ್ಳಬೇಕಾದದ್ದು ಆ ಬೆಳೆದ ಮೀನನ್ನು ಕಣ್ಣ ಮುಂದಿಟ್ಟುಕೊಂಡೇ. ಹಲವು ದೊಡ್ಡ ಸಿಕ್ಲಿಡ್‌ಗಳನ್ನು ಒಟ್ಟಿಗೆ ಇಡುವವರಿಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯೇ ಆರಂಭ ಎಂಬುದು ನನ್ನ ಅಭಿಪ್ರಾಯ. ಐದು ಅಡಿಯ ತೊಟ್ಟಿಯಲ್ಲಿ ಸೆವೆರಮ್, ಫೈರ್‌ಮೌತ್, ಬ್ಲೂ ಅಕಾರದಂಥ ಮಧ್ಯಮ ಗಾತ್ರದ ಮೀನುಗಳನ್ನು ಕೂಡಿಸಬಹುದು. ನಾಲ್ಕು ಅಡಿಯ ತೊಟ್ಟಿಯಲ್ಲಿ ಬೆಳೆದ ಎರಡು ಆಸ್ಕರ್‌ಗಳನ್ನು ಇಡುವವರು ಬಹಳ ಮಂದಿ ಇದ್ದಾರೆ. ಆ ಮೀನುಗಳು ಬದುಕಿರುವುದೂ ನಿಜ, ಆದರೆ ಅಲ್ಲಿ ಮೂರನೆಯದಕ್ಕೆ ಜಾಗ ಹುಡುಕಬಾರದು.

ಎತ್ತರದ ತೊಟ್ಟಿ ನೋಡಲು ಚೆಂದ, ಆದರೆ ಈ ಮೀನುಗಳ ಲೆಕ್ಕದಲ್ಲಿ ಎತ್ತರದಿಂದ ಅಷ್ಟಾಗಿ ಪ್ರಯೋಜನವಿಲ್ಲ. ಅವು ಗಡಿ ಹಾಕಿಕೊಳ್ಳುವುದು ತಳದ ಮೇಲೆ. ಒಂದೇ ಖರ್ಚಿನಲ್ಲಿ ಎರಡೂವರೆ ಅಡಿ ಎತ್ತರ ಮತ್ತು ಎರಡೂವರೆ ಅಡಿ ಅಗಲ ಇವೆರಡರಲ್ಲಿ ಆಯ್ಕೆ ಇದ್ದರೆ ಅಗಲವನ್ನೇ ಆರಿಸಿಕೊಳ್ಳಬೇಕು. ಅಗಲ ಹೆಚ್ಚಿದಷ್ಟೂ ಒಂದು ಅಡಿಯ ಮೀನು ಸಲೀಸಾಗಿ ತಿರುಗುತ್ತದೆ, ಅಟ್ಟಿಸಿಕೊಂಡು ಬಂದ ಮೀನಿನಿಂದ ಪಕ್ಕಕ್ಕೆ ಸರಿಯಲು ಇನ್ನೊಂದಕ್ಕೆ ದಾರಿಯಿರುತ್ತದೆ. ಎರಡು ಅಡಿ ಎತ್ತರಕ್ಕೆ 12 ಮಿ.ಮೀ. ಗಾಜು, ಮೇಲೆ ಅಡ್ಡಪಟ್ಟಿಗಳು, ಜೊತೆಗೆ ಭಾರವಾದ ಮುಚ್ಚಳ ಅಗತ್ಯ. ಆಸ್ಕರ್‌ಗಳು ಬೆದರಿದಾಗ ಜಿಗಿಯುತ್ತವೆ.

ಈಗ ನೆಲದ ವಿಚಾರ. ಆರಡಿ, ಎರಡಡಿ, ಎರಡಡಿಯ ತೊಟ್ಟಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಗಾಜು, ಸ್ಟ್ಯಾಂಡ್, ಮರಳು, ಕಲ್ಲು ಸೇರಿದರೆ ಒಟ್ಟು ತೂಕ 900 ಕಿಲೋ ಆಸುಪಾಸು ಆಗುತ್ತದೆ, ಮತ್ತು ಅದೆಲ್ಲವೂ ಸುಮಾರು ಹನ್ನೆರಡು ಚದರಡಿಯ ಮೇಲೆ ಕೂರುತ್ತದೆ. ವಾಸದ ಕೋಣೆಗಳ ನೆಲವನ್ನು ನಮ್ಮಲ್ಲಿ ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರವನ್ನು ಗಮನದಲ್ಲಿಟ್ಟುಕೊಂಡು. ತೊಟ್ಟಿಯ ಕೆಳಗೆ ಬೀಳುವ ಭಾರ ಅದರ ನಾಲ್ಕು ಪಟ್ಟು. ಆದ್ದರಿಂದ ಅಪಾರ್ಟ್‌ಮೆಂಟಿನ ಮೇಲ್ಮಹಡಿಯಲ್ಲಿರುವವರು ಹಾಲ್‌ನ ನಡುವೆ ತೊಟ್ಟಿಯನ್ನು ಇಡದೆ, ಕೆಳಗೆ ತೊಲೆ ಇರುವ ಗೋಡೆಗೆ ತಾಗಿಸಿ ಇಡಬೇಕು, ಮತ್ತು ಹಾಗೆ ಇಡುವ ಮುನ್ನ ಕಟ್ಟಡದ ನಕ್ಷೆ ಬಲ್ಲ ಎಂಜಿನಿಯರ್ ಒಬ್ಬರನ್ನು ಕೇಳಲೇಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳುವುದು ಒಳ್ಳೆಯದು.

ಎರಡನೇ ಹಂತ: ನಿಮ್ಮ ನಲ್ಲಿಯ ನೀರನ್ನು ಅರಿಯುವುದು

ಮೀನನ್ನು ಆರಿಸುವ ಮೊದಲು ನೀರನ್ನು ಪರೀಕ್ಷಿಸಿ. ಬೆಂಗಳೂರಿನಲ್ಲಿ ಇದು ಬೇರೆ ಊರುಗಳಿಗಿಂತ ಹೆಚ್ಚು ಮುಖ್ಯ, ಏಕೆಂದರೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಬಗೆಯ ನೀರು ಬರುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಸುಮಾರು ನೂರು ಕಿಲೋಮೀಟರ್ ದೂರದಿಂದ ಬರುವ ಕಾವೇರಿ ನೀರಿನ ಗಡಸುತನ ಹದವಾಗಿರುತ್ತದೆ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಗಡಸುತನ ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಸಾಮಾನ್ಯವಾಗಿ ಬಹಳ ಹೆಚ್ಚು. ಇವೆರಡಕ್ಕಿಂತ ತೊಂದರೆ ಕೊಡುವುದು ಅಪಾರ್ಟ್‌ಮೆಂಟುಗಳ ಕಲಬೆರಕೆ ನೀರು: ಕೆಳಗಿನ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಸೇರಿ ಓವರ್‌ಹೆಡ್ ಟ್ಯಾಂಕಿಗೆ ಏರುತ್ತವೆ, ಪ್ರಮಾಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಅಂಥ ಮನೆಯಲ್ಲಿರುವವರು ಒಂದು ಟಿಡಿಎಸ್ ಮೀಟರ್ ಇಟ್ಟುಕೊಂಡು ಪ್ರತಿ ಸಲ ನೀರು ಬದಲಿಸುವ ಮೊದಲು ಅಳೆಯಬೇಕು. ತೊಟ್ಟಿಯ ನೀರಿಗೂ ಹೊಸ ನೀರಿಗೂ ಬಹಳ ಅಂತರ ಕಂಡರೆ ಅಂದು ಸ್ವಲ್ಪವೇ ಬದಲಿಸಿ, ಉಳಿದದ್ದನ್ನು ಎರಡು ದಿನ ಬಿಟ್ಟು ಬದಲಿಸಬೇಕು.

ಕಾವೇರಿ ನೀರಿಗೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್, ಎಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಿದರೆ ಸಾಕು. ಬೋರ್‌ವೆಲ್ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಏರ್ ಪಂಪ್ ಹಾಕಿ ಒಂದು ರಾತ್ರಿ ಬಿಡುವುದು ಲೇಸು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುತ್ತದೆ, ಮತ್ತು ಗಾಳಿ ಆಡಿದ ಮೇಲೆ ಅದರ ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) ಏರುತ್ತದೆ.

ನೀರಿನ ಗುಣ ತಿಳಿದ ಮೇಲೆ ಮೀನಿನ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಕಾವೇರಿ ನೀರಿನಲ್ಲಿ ದಕ್ಷಿಣ ಅಮೆರಿಕದ ಸಿಕ್ಲಿಡ್‌ಗಳು ನೆಮ್ಮದಿಯಾಗಿರುತ್ತವೆ. ಗಡುಸಾದ ಬೋರ್‌ವೆಲ್ ನೀರು ಮಧ್ಯ ಅಮೆರಿಕದ ಮೀನುಗಳಿಗೂ ಆಫ್ರಿಕದ ಸರೋವರಗಳ ಮೀನುಗಳಿಗೂ ಒಗ್ಗುತ್ತದೆ. ನೀರನ್ನು ಔಷಧಿ, ಪುಡಿಗಳಿಂದ ಬದಲಿಸಿ ಮನಸ್ಸಿಗೆ ಬಂದ ಮೀನನ್ನು ಸಾಕುವ ಹಟಕ್ಕಿಂತ, ಮನೆಗೆ ಬರುವ ನೀರಿಗೆ ಹೊಂದುವ ಮೀನನ್ನು ಸಾಕುವುದು ಮೀನಿಗೂ ಸಾಕುವವರಿಗೂ ಹಗುರ.

ಇಲ್ಲೊಂದು ಮಾತು ಹೇಳಬೇಕು. ಆರಡಿ ತೊಟ್ಟಿಯಲ್ಲಿ ವಾರಕ್ಕೆ ಮೂರನೇ ಒಂದು ಪಾಲಿನಷ್ಟು ನೀರು ಬದಲಿಸುವುದೆಂದರೆ ಇನ್ನೂರು ಲೀಟರಿಗೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ಊರು ಮರೆತಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಬಡಾವಣೆಯಲ್ಲಿ ನೀವಿದ್ದರೆ ದೊಡ್ಡ ಸಿಕ್ಲಿಡ್‌ಗಳ ಆಸೆಯನ್ನು ಸದ್ಯಕ್ಕೆ ಬಿಟ್ಟು ಚಿಕ್ಕ ಮೀನುಗಳ ಕಡೆ ನೋಡುವುದು ಸರಿ ಎಂದು ನಾನು ನಂಬಿದ್ದೇನೆ. ನೀರಿನ ಅನುಕೂಲ ಇರುವವರು ಕೂಡ ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಬಿಡದೆ ಗಿಡಗಳಿಗೆ ಹಾಕಬೇಕು. ಅದರಲ್ಲಿ ನೈಟ್ರೇಟ್ ಇರುವುದರಿಂದ ಗಿಡಗಳಿಗೆ ಅದು ಗೊಬ್ಬರವೂ ಹೌದು. ಔಷಧಿ ಅಥವಾ ಉಪ್ಪು ಹಾಕಿದ್ದ ನೀರನ್ನು ಮಾತ್ರ ಗಿಡಕ್ಕೆ ಸುರಿಯಬಾರದು.

ಮೂರನೇ ಹಂತ: ಫಿಲ್ಟರ್, ಮತ್ತು ಮೀನಿಲ್ಲದ ಒಂದೂವರೆ ತಿಂಗಳು

ಈ ಮೀನುಗಳು ತಿನ್ನುವುದು ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ತೊಟ್ಟಿಯ ಒಟ್ಟು ನೀರನ್ನು ಗಂಟೆಗೆ ಐದರಿಂದ ಎಂಟು ಬಾರಿ ತಿರುಗಿಸುವ ಫಿಲ್ಟರ್ ಬೇಕು. ಆರಡಿ ತೊಟ್ಟಿಗೆ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಎರಡು ದೊಡ್ಡ ಕ್ಯಾನಿಸ್ಟರ್‌ಗಳನ್ನು ಹಾಕಬಹುದು, ಅಥವಾ ಕೆಳಗೊಂದು ಸಂಪ್ ಫಿಲ್ಟರ್ (ನೀರು ಇಳಿದು, ಸೋಸಿ, ಮತ್ತೆ ಮೇಲೇರುವ ಎರಡನೇ ತೊಟ್ಟಿ) ಮಾಡಿಸಬಹುದು. ನನ್ನ ಒಲವು ಸಂಪ್ ಫಿಲ್ಟರಿನ ಕಡೆಗೆ: ಅದರಲ್ಲಿ ಸೆರಾಮಿಕ್ ಉಂಗುರಗಳಿಗೆ ಬೇಕಾದಷ್ಟು ಜಾಗ ಇರುತ್ತದೆ, ಹೀಟರನ್ನು ಅಲ್ಲಿಯೇ ಇಟ್ಟರೆ ಆಸ್ಕರ್ ಅದನ್ನು ಒಡೆಯುವ ಭಯ ಇರುವುದಿಲ್ಲ, ಒಂದು ಮನಿ ಪ್ಲಾಂಟಿನ ಬೇರನ್ನು ಅಲ್ಲಿ ಇಳಿಬಿಟ್ಟರೆ ಮೀನಿನ ಬಾಯಿಗೆ ಸಿಗದೆ ಅದು ನೈಟ್ರೇಟ್ ಹೀರಿಕೊಂಡು ಬೆಳೆಯುತ್ತದೆ.

ಫಿಲ್ಟರ್ ಓಡಿಸಿದ ಮಾತ್ರಕ್ಕೆ ತೊಟ್ಟಿ ಸಿದ್ಧವಾಗುವುದಿಲ್ಲ. ಮೀನಿನ ಹೇಲು ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ, ಇವು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೀನು ಬಿಡದೆ, ಅಮೋನಿಯ ದ್ರಾವಣವನ್ನು ಅಳತೆಯಂತೆ ಹಾಕಿ ಈ ಕೆಲಸ ಮುಗಿಸುವುದು ಉತ್ತಮ. 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯ ಹಾಕಿದ ಮರುದಿನ ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿದಿದ್ದರೆ ತೊಟ್ಟಿ ಸಿದ್ಧ. ಆರೋಗ್ಯವಂತ ಮೀನುಗಳಿರುವ ಸ್ನೇಹಿತರ ಫಿಲ್ಟರಿನಿಂದ ಒಂದಿಷ್ಟು ಸೆರಾಮಿಕ್ ಉಂಗುರಗಳನ್ನು ಒದ್ದೆಯಾಗಿಯೇ ತಂದು ಹಾಕಿದರೆ ಕಾಯುವ ದಿನ ಕಡಿಮೆಯಾಗುತ್ತದೆ.

ಬೋರ್‌ವೆಲ್ ನೀರಿನವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷಕಾರಿಯಾದ ಭಾಗ ಶೇ. 1ಕ್ಕಿಂತಲೂ ಕಡಿಮೆ, ಪಿಎಚ್ 8 ಆದಾಗ ಅದು ಶೇ. 5ರಷ್ಟಾಗುತ್ತದೆ. ಕಾವೇರಿ ನೀರಿನ ತೊಟ್ಟಿಯಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯ ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ಅದರ ಕಿವಿರನ್ನು ಸುಡಬಹುದು.

ಹವೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15 ಡಿಗ್ರಿಗೆ ಇಳಿಯುವ ಈ ಊರಿನಲ್ಲಿ ಹೀಟರ್ ಬೇಕೇ ಬೇಕು. ನೀರು 26ರಿಂದ 27 ಡಿಗ್ರಿಯಲ್ಲಿರಬೇಕು. ಒಂದು ದೊಡ್ಡ ಹೀಟರಿನ ಬದಲು 300 ವಾಟಿನ ಎರಡನ್ನು ಹಾಕಿದರೆ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ. ಏಪ್ರಿಲ್ ತಿಂಗಳ ಸಮಸ್ಯೆ ಬೇರೆ: ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಅದರ ಮೇಲೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಕರಾವಳಿಯ ತೊಟ್ಟಿಗಳಿಗೆ ಹೋಲಿಸಿದರೆ ಇಲ್ಲಿ ಮೊದಲೇ ಹತ್ತನೇ ಒಂದು ಪಾಲಿನಷ್ಟು ಕೊರತೆ ಇರುತ್ತದೆ. ಆದ್ದರಿಂದ ಏರ್ ಪಂಪನ್ನು ಅಲಂಕಾರ ಎಂದುಕೊಳ್ಳಬಾರದು. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದಿರಲಿ, ಅಥವಾ ಏರ್ ಪಂಪಿನ ಪ್ಲಗ್ಗನ್ನು ಮನೆಯ ಯುಪಿಎಸ್ ಸಾಲಿಗೆ ಸೇರಿಸಿ. ಮುಚ್ಚಿದ ಕ್ಯಾನಿಸ್ಟರ್ ಹಲವು ಗಂಟೆ ನಿಂತುಹೋಗಿದ್ದರೆ ಒಳಗಿನ ಕೊಳೆತ ನೀರನ್ನು ಚೆಲ್ಲಿ, ತೊಳೆದು ಆಮೇಲೆಯೇ ಚಾಲೂ ಮಾಡಬೇಕು.

ನಾಲ್ಕನೇ ಹಂತ: ಯಾವ ಮೀನಿನೊಡನೆ ಯಾವುದು

ಮೊದಲು, ಕೂಡಿಸಬಾರದ ಮೀನುಗಳು. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯದಲ್ಲಿ ಹಲವು ಜಾತಿಗಳನ್ನು ಬೆರಸಿ ಪಡೆದ ತಳಿ. ಅದೃಷ್ಟದ ಮೀನೆಂದು ನಮ್ಮ ಊರಿನಲ್ಲಿ ಅದನ್ನು ಪ್ರೀತಿಯಿಂದ ಸಾಕುವವರು ಬಹಳ. ಅದು ಒಂಟಿಯಾಗಿಯೇ ಇರಬೇಕು. ರೆಡ್ ಡೆವಿಲ್, ಮೈಡಸ್, ಜ್ಯಾಗ್ವಾರ್ ಸಿಕ್ಲಿಡ್‌ಗಳ ವಿಷಯದಲ್ಲಿಯೂ ಅಷ್ಟೇ. ಇವು ಮರಿಯಾಗಿದ್ದಾಗ ಗುಂಪಿನಲ್ಲಿ ಸುಮ್ಮನಿರುತ್ತವೆ, ಬೆಳೆದ ಮೇಲೆ ಒಂದೊಂದಾಗಿ ಉಳಿದವನ್ನು ಮುಗಿಸುತ್ತವೆ. ಅಂಗಡಿಯ ತೊಟ್ಟಿಯಲ್ಲಿ ಮರಿಗಳು ಒಟ್ಟಿಗೆ ಇರುವುದನ್ನು ಕಂಡು ದೊಡ್ಡವೂ ಹಾಗೆಯೇ ಇರುತ್ತವೆ ಎಂದು ತಿಳಿಯಬಾರದು.

ಕಾವೇರಿ ನೀರಿರುವ ಆರಡಿ ತೊಟ್ಟಿಗೆ ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ದಕ್ಷಿಣ ಅಮೆರಿಕದ ಸಾಧು ಗುಂಪನ್ನು: ಐದಾರು ಜಿಯೋಫೇಗಸ್, ಎರಡು ಸೆವೆರಮ್, ಸಿಕ್ಕರೆ ಒಂದು ಚಾಕೊಲೇಟ್ ಸಿಕ್ಲಿಡ್, ಮೇಲಿನ ನೀರಿನಲ್ಲಿ ಆರು ಸಿಲ್ವರ್ ಡಾಲರ್ (ಸಿಕ್ಲಿಡ್ ಅಲ್ಲದ, ನಾಣ್ಯದಂತೆ ಚಪ್ಪಟೆಯಾದ ಮೀನು). ಜಿಯೋಫೇಗಸ್ ಮೀನನ್ನು ಹತ್ತಿರದಿಂದ ನೋಡುವುದೇ ಒಂದು ಸಂತೋಷ. ಅದು ತಲೆ ಕೆಳಗೆ ಮಾಡಿ ಬಾಯ್ತುಂಬ ಮರಳು ತುಂಬಿಕೊಳ್ಳುತ್ತದೆ, ದವಡೆ ಮೆಲ್ಲಗೆ ಆಡಿಸುತ್ತದೆ, ತಿನ್ನುವ ಕಣಗಳನ್ನು ಒಳಗಿರಿಸಿಕೊಂಡು ಶುದ್ಧ ಮರಳನ್ನು ಕಿವಿರಿನ ಸಂದಿನಿಂದ ಎರಡು ತೆಳು ಧಾರೆಯಾಗಿ ಬಿಟ್ಟು ಒಂದಡಿ ಮುಂದೆ ಹೋಗಿ ಮತ್ತೆ ಅದನ್ನೇ ಮಾಡುತ್ತದೆ. ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಬಲವಾದದ್ದು ದುರ್ಬಲವಾದ ಒಂದನ್ನೇ ಹಿಡಿದು ಕಾಡುತ್ತದೆ. ಸಂಖ್ಯೆ ಹೆಚ್ಚಿದ್ದರೆ ಏಟು ಎಲ್ಲರಿಗೂ ಹಂಚಿ ಯಾರಿಗೂ ಪೆಟ್ಟಾಗುವುದಿಲ್ಲ.

ಆಸ್ಕರ್ ಬೇಕೆನ್ನುವವರು ಎರಡು ಆಸ್ಕರ್, ಎರಡು ಸೆವೆರಮ್, ಒಂದು ಹಿಂಡು ಸಿಲ್ವರ್ ಡಾಲರ್ ಎಂದು ಲೆಕ್ಕ ಹಾಕಬಹುದು. ಆಸ್ಕರ್ ತನ್ನ ಗಾತ್ರಕ್ಕೆ ಹೋಲಿಸಿದರೆ ಅಂಥ ಜಗಳಗಂಟ ಮೀನಲ್ಲ, ಆದರೆ ಬಾಯಲ್ಲಿ ಹಿಡಿಸುವ ಎಲ್ಲವನ್ನೂ ಅದು ಆಹಾರವೆಂದೇ ಬಗೆಯುತ್ತದೆ. ಬೆಳೆದ ಆಸ್ಕರ್ ಎದುರು ಹತ್ತು ಸೆಂಟಿಮೀಟರಿಗಿಂತ ಚಿಕ್ಕದಾದ ತೆಳು ಮೈಯ ಯಾವ ಮೀನೂ ಸುರಕ್ಷಿತವಲ್ಲ. ಗ್ರೀನ್ ಟೆರರ್ ಗಂಡನ್ನು ಆಸ್ಕರ್ ಜೊತೆ ಇಡುವವರಿದ್ದಾರೆ. ಗಾತ್ರದಲ್ಲಿ ಚಿಕ್ಕದಾದರೂ ಗ್ರೀನ್ ಟೆರರೇ ಆಸ್ಕರನ್ನು ಮೂಲೆಗೆ ಒತ್ತುವುದು ಸಾಮಾನ್ಯ, ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಬೋರ್‌ವೆಲ್ ನೀರಿನವರಿಗೆ ಎರಡು ದಾರಿ. ಮಧ್ಯ ಅಮೆರಿಕದ ಮೀನುಗಳಾದರೆ ಒಂದು ಜ್ಯಾಕ್ ಡೆಂಪ್ಸಿ, ಜೊತೆಗೆ ಅದಕ್ಕೆ ಸರಿಸಾಟಿಯಾದ ಒಂದು ಗ್ರೀನ್ ಟೆರರ್ (ಇದು ಈಕ್ವೆಡಾರ್, ಪೆರು ದೇಶಗಳದಾದರೂ ಗಡುಸು ನೀರನ್ನು ತಾಳಿಕೊಳ್ಳುತ್ತದೆ), ಪ್ರತಿಯೊಂದರಲ್ಲೂ ಒಂದೊಂದೇ, ಜೋಡಿ ಇಲ್ಲದೆ. ಫೈರ್‌ಮೌತ್ ಕೆಂಪು ಗಂಟಲನ್ನು ಉಬ್ಬಿಸಿ ಹೆದರಿಸುತ್ತದೆಯೇ ಹೊರತು ಅದರ ಹಿಂದೆ ಅಂಥ ಬಲವಿಲ್ಲ, ಇವುಗಳ ನಡುವೆ ಅದನ್ನು ಬಿಡಬೇಡಿ. ಇನ್ನೊಂದು ದಾರಿ ಫ್ರಂಟೋಸಾ. ಟ್ಯಾಂಗನ್ಯೀಕ ಸರೋವರದ ಈ ಮೀನು 30 ಸೆಂ.ಮೀ. ಬೆಳೆಯುತ್ತದೆ, ಗಂಭೀರವಾಗಿ ನಿಧಾನವಾಗಿ ಚಲಿಸುತ್ತದೆ, ಒಂದು ಗಂಡಿಗೆ ನಾಲ್ಕೈದು ಹೆಣ್ಣುಗಳಿರುವ ಗುಂಪಿನಲ್ಲಿ ಶಾಂತವಾಗಿರುತ್ತದೆ. ಅದರ ತೊಟ್ಟಿಯಲ್ಲಿ ಬೇರೆ ಸಿಕ್ಲಿಡ್ ಬೇಡ. ಆಫ್ರಿಕದ ಮಲಾವಿ ಸರೋವರದ ಚುರುಕಾದ ಮೀನುಗಳು ಅದರ ಆಹಾರವನ್ನೆಲ್ಲ ಕಸಿದುಕೊಳ್ಳುತ್ತವೆ. ಅಮೆಜಾನಿನ ಆಸ್ಕರ್ ಮತ್ತು ಟ್ಯಾಂಗನ್ಯೀಕದ ಫ್ರಂಟೋಸಾ ಎರಡನ್ನೂ ಒಂದೇ ನೀರಿನಲ್ಲಿಟ್ಟರೆ ಒಂದಕ್ಕಂತೂ ಅನ್ಯಾಯವಾಗುವುದು ಖಂಡಿತ.

ಪ್ಯಾರಟ್ ಮೀನು ಮಿಶ್ರತಳಿ. ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಕಚ್ಚಲೂ ಆಗದು, ಬೇಗ ತಿನ್ನಲೂ ಆಗದು. ಸೆವೆರಮ್ ಜೊತೆಗೆ ಅದು ಬಾಳುತ್ತದೆ, ಆಸ್ಕರ್ ಜೊತೆ ಹಸಿದಿರುತ್ತದೆ. ಬಣ್ಣ ಚುಚ್ಚಿದ ನೀಲಿ, ನೇರಳೆ ಪ್ಯಾರಟ್‌ಗಳನ್ನು ದಯವಿಟ್ಟು ಯಾರೂ ಕೊಳ್ಳಬಾರದು. ಆ ಬೇಡಿಕೆ ನಿಂತರೆ ಮಾತ್ರ ಆ ಹಿಂಸೆಯೂ ನಿಲ್ಲುತ್ತದೆ.

ಐದನೇ ಹಂತ: ತಳ, ಕಲ್ಲು, ಮರೆ

ಕಲ್ಲುಗಳನ್ನು ಮರಳಿನ ಮೇಲೆ ಇಡಬಾರದು, ಮೊದಲು ಗಾಜಿನ ಮೇಲೆ ಒಂದು ತೆಳು ಫೋಮ್ ಹಾಸಿ ಅದರ ಮೇಲೆ ಕಲ್ಲನ್ನು ಕೂರಿಸಿ ಆಮೇಲೆ ಸುತ್ತ ಮರಳು ಸುರಿಯಬೇಕು. ಸಿಕ್ಲಿಡ್‌ಗಳು ಅಗೆಯುತ್ತವೆ, ಮರಳಿನ ಮೇಲೆ ನಿಂತ ಕಲ್ಲು ಒಂದು ದಿನ ಉರುಳಿ ಗಾಜಿಗೆ ಬಡಿಯುತ್ತದೆ. ಕಟ್ಟಡ ಕೆಲಸದ ಎಂ-ಸ್ಯಾಂಡ್ ಎಲ್ಲೆಲ್ಲೂ ಸಿಗುತ್ತದೆ, ಆದರೆ ಬಂಡೆ ಪುಡಿ ಮಾಡಿ ತೆಗೆದ ಆ ಕಣಗಳ ಅಂಚು ಚೂಪಾಗಿರುತ್ತದೆ; ಜಿಯೋಫೇಗಸ್‌ನ ಬಾಯಿಗೂ ಕಿವಿರಿಗೂ ಅದು ಗಾಯ ಮಾಡುತ್ತದೆ. ದುಂಡು ಕಣದ ನಯವಾದ ಮರಳನ್ನೇ ತಂದು ನೀರು ತಿಳಿಯಾಗುವವರೆಗೆ ತೊಳೆದು ಹಾಕಬೇಕು. ನಮ್ಮ ಸುತ್ತಮುತ್ತಲ ಗ್ರ್ಯಾನೈಟ್ ಕಲ್ಲು ನೀರಿನ ಗುಣವನ್ನು ಬದಲಿಸುವುದಿಲ್ಲ, ಅಂಚು ದುಂಡಾಗಿದ್ದರೆ ಸಾಕು. ಗುರುತಿಲ್ಲದ ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ, ಫ್ರಂಟೋಸಾ ತೊಟ್ಟಿಗೆ ಮಾತ್ರ ಅದು ಸರಿ. ಗುಹೆಗಳಿಗೆ ಪಾಟರಿ ಟೌನಿನಲ್ಲಿ ಸಿಗುವ, ಬಣ್ಣ ಬಳಿಯದ ಮಣ್ಣಿನ ಕುಂಡಗಳಷ್ಟು ಚೆನ್ನಾದ ವಸ್ತು ಬೇರೆ ಇಲ್ಲ.

ಜೋಡಣೆಯ ಗುರಿ ಒಂದೇ: ತೊಟ್ಟಿಯ ಒಂದು ತುದಿಯಲ್ಲಿರುವ ಮೀನಿಗೆ ಇನ್ನೊಂದು ತುದಿ ಕಾಣಬಾರದು. ಆರಡಿ ಉದ್ದವನ್ನು ಎರಡು ಕಡೆ ಎತ್ತರದ ಕಲ್ಲು ಅಥವಾ ಮರದ ಬೇರುಗಳಿಂದ ಮರೆಮಾಡಿದರೆ ಮೂರು ವಲಯಗಳಾಗುತ್ತವೆ. ಪ್ರತಿ ಗುಹೆಗೂ ಎರಡು ಬಾಯಿ ಇರಲಿ, ಒಂದೇ ಬಾಯಿಯ ಗುಹೆಯೊಳಗೆ ಸಿಕ್ಕಿಕೊಂಡ ಮೀನಿಗೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಮುಂಭಾಗದ ಅರ್ಧದಷ್ಟು ಜಾಗವನ್ನು ಈಜಲು ಖಾಲಿ ಬಿಡಬೇಕು.

ಆರನೇ ಹಂತ: ಮೀನುಗಳನ್ನು ಬಿಡುವ ಕ್ರಮ

ಅಂಗಡಿಯಿಂದ ತಂದ ಮೀನನ್ನು ನೇರವಾಗಿ ದೊಡ್ಡ ತೊಟ್ಟಿಗೆ ಬಿಡಬೇಡಿ. ಸ್ಪಾಂಜ್ ಫಿಲ್ಟರ್ ಇರುವ ಬರಿದಾದ ಒಂದು ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ಬಿಳಿ ಚುಕ್ಕಿ ಬರುತ್ತದೆಯೇ, ಹೇಲು ಬಿಳಿಯ ದಾರದಂತಿದೆಯೇ, ಹೊಟ್ಟೆ ಒಳಸೇರಿದೆಯೇ ಎಂದು ನೋಡಬೇಕು. ಈ ತೊಟ್ಟಿಯನ್ನು ಕೊನೆಯವರೆಗೂ ಇಟ್ಟುಕೊಳ್ಳಿ, ಏಟು ತಿಂದ ಮೀನಿಗೆ ಆಸ್ಪತ್ರೆಯಾಗಿ ಅದು ಮುಂದೆ ಬೇಕಾಗುತ್ತದೆ.

ಸಾಧ್ಯವಾದರೆ ಎಲ್ಲ ಮೀನುಗಳನ್ನೂ ಒಂದೇ ಅಳತೆಯ ಮರಿಗಳಾಗಿ ತಂದು ಒಟ್ಟಿಗೆ ಬೆಳೆಸುವುದು ಎಲ್ಲಕ್ಕಿಂತ ಉತ್ತಮ. ಹಾಗಾಗದಿದ್ದರೆ ಸಾಧುವಾದದ್ದನ್ನು ಮೊದಲು, ಗಡುಸಾದದ್ದನ್ನು ಕೊನೆಗೆ ಬಿಡಬೇಕು: ಸಿಲ್ವರ್ ಡಾಲರ್ ಮೊದಲು, ಆಮೇಲೆ ಜಿಯೋಫೇಗಸ್, ಆಮೇಲೆ ಸೆವೆರಮ್, ಕಡೆಯಲ್ಲಿ ಆಸ್ಕರ್. ಕೊನೆಗೆ ಬರುವ ಗಡುಸು ಮೀನು ಗಾತ್ರದಲ್ಲಿ ಉಳಿದವಕ್ಕಿಂತ ತುಸು ಚಿಕ್ಕದಾಗಿದ್ದರೆ ಇನ್ನೂ ಒಳ್ಳೆಯದು. ಫಿಲ್ಟರಿನ ಬ್ಯಾಕ್ಟೀರಿಯಗಳಿಗೂ ಹೊಸ ಭಾರಕ್ಕೆ ಹೊಂದಿಕೊಳ್ಳಲು ಪ್ರತಿ ಗುಂಪಿನ ನಡುವೆ ಎರಡು ವಾರವಾದರೂ ಬಿಡುವು ಬೇಕು.

ಈಗಾಗಲೇ ನೆಲೆಗೊಂಡ ತೊಟ್ಟಿಗೆ ಹೊಸ ಮೀನು ಸೇರಿಸುವಾಗ ಮೊದಲು ಕಲ್ಲು, ಕುಂಡಗಳ ಜಾಗ ಬದಲಿಸಿ. ಹಳೆಯ ಗಡಿಗಳೆಲ್ಲ ಅಳಿಸಿಹೋಗಿ ಹಳಬರೂ ಹೊಸಬರೂ ಒಟ್ಟಿಗೆ ಜಾಗ ಹುಡುಕಬೇಕಾಗುತ್ತದೆ. ಹಳೆಯ ಮೀನುಗಳಿಗೆ ಹೊಟ್ಟೆ ತುಂಬ ತಿನ್ನಲು ಕೊಟ್ಟು, ಸಂಜೆ ದೀಪ ಆರಿಸಿ, ಹೊಸದನ್ನು ಬಿಟ್ಟು ಬೆಳಗಿನವರೆಗೆ ಕತ್ತಲಾಗಿಯೇ ಇಡಬೇಕು. ಒಂದರ ಬದಲು ಎರಡು ಮೂರನ್ನು ಒಟ್ಟಿಗೆ ಸೇರಿಸಿದರೆ ದಾಳಿ ಒಂದರ ಮೇಲೆಯೇ ಬೀಳುವುದಿಲ್ಲ.

ಏಳನೇ ಹಂತ: ಜಗಳವನ್ನು ಓದುವುದು

ಎರಡು ಗಂಡು ಸಿಕ್ಲಿಡ್‌ಗಳು ಎದುರಾದಾಗ ಮೊದಲು ಪಕ್ಕಕ್ಕೆ ಪಕ್ಕ ನಿಂತು ಬೆನ್ನಿನ ರೆಕ್ಕೆ, ಹೊಟ್ಟೆಯ ರೆಕ್ಕೆ ಪೂರ್ತಿ ಬಿಚ್ಚಿ ತಾವು ಎಷ್ಟು ದೊಡ್ಡವೆಂದು ತೋರಿಸಿಕೊಳ್ಳುತ್ತವೆ. ಬಾಲ ಜೋರಾಗಿ ಬೀಸಿ ಎದುರಾಳಿಯ ಮೈಗೆ ನೀರು ತಳ್ಳುತ್ತವೆ. ಕಿವಿರ ಮುಚ್ಚಳ ಅಗಲವಾಗುತ್ತದೆ, ಮೈಬಣ್ಣ ಗಾಢವಾಗುತ್ತದೆ. ಅಲ್ಲಿಗೂ ಮುಗಿಯದಿದ್ದರೆ ಬಾಯಿಗೆ ಬಾಯಿ ಹಾಕಿ ದವಡೆ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತವೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ಆದರೆ ಇಷ್ಟರವರೆಗಿನದು ಅವುಗಳ ನಡುವಿನ ಕಟ್ಟುಪಾಡಿನ ಜಗಳ. ಸ್ವಲ್ಪ ಹೊತ್ತಿಗೆ ಒಂದು ಬಣ್ಣ ಮಸುಕಾಗಿಸಿಕೊಂಡು, ರೆಕ್ಕೆ ಮಡಚಿ, ದೂರ ಸರಿಯುತ್ತದೆ, ಗೆದ್ದದ್ದು ಅದನ್ನು ಒಂದೆರಡು ಅಡಿ ಅಟ್ಟಿ ಹಿಂದಿರುಗುತ್ತದೆ. ಅಷ್ಟಕ್ಕೆ ಕೈ ಹಾಕಬಾರದು.

ಸೋತ ಮೀನು ಸರಿದ ಮೇಲೂ ಗೆದ್ದದ್ದು ಹಿಂದೆಯೇ ಬೀಳುತ್ತಿದ್ದರೆ ಆಗ ತಡಮಾಡಬಾರದು. ಮೇಲಿನ ಮೂಲೆಯಲ್ಲಿ ನೀರಿನ ಅಂಚಿಗೆ ಒತ್ತಿಕೊಂಡು ನಿಂತ ಮೀನು, ಊಟಕ್ಕೆ ಇಳಿಯದ ಮೀನು, ಹರಿದ ಬಾಲ, ಕಿತ್ತ ಹುರುಪೆ, ಇವುಗಳಲ್ಲಿ ಒಂದು ಕಂಡರೂ ಅಂದೇ ಬೇರ್ಪಡಿಸಬೇಕು. ನಾಳೆ ನೋಡೋಣ ಎಂದುಕೊಂಡ ರಾತ್ರಿಯೇ ಮೀನು ಸಾಯುವುದುಂಟು. ಇಲ್ಲಿ ಬಹಳ ಮಂದಿ ಏಟು ತಿಂದ ಮೀನನ್ನು ಹೊರಗೆ ತೆಗೆಯುತ್ತಾರೆ. ಅದಕ್ಕೆ ಚಿಕಿತ್ಸೆ ಬೇಕಾದರೆ ತೆಗೆಯಲೇಬೇಕು, ಆದರೆ ಗಾಯ ಇಲ್ಲದಿದ್ದರೆ ಕಾಡುವ ಮೀನನ್ನೇ ತೆಗೆದು ಒಂದು ವಾರ ಬೇರೆ ಇಟ್ಟು, ಅಷ್ಟರಲ್ಲಿ ಕಲ್ಲುಗಳ ಜಾಗ ಬದಲಿಸಿ, ಅದನ್ನು ಹೊಸಬನಂತೆ ಮರಳಿ ಬಿಡುವುದು ಹೆಚ್ಚು ಫಲ ಕೊಡುತ್ತದೆ. ದುರ್ಬಲವಾದದ್ದನ್ನು ತೆಗೆದರೆ ಕಾಡುವ ಮೀನು ಅದರ ನಂತರದ ದುರ್ಬಲನನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ.

ಜೋಡಿ ಕಟ್ಟಿದ ಮೀನುಗಳ ಮಾತೇ ಬೇರೆ. ಎರಡು ಮೀನುಗಳು ಒಂದು ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡತೊಡಗಿದರೆ ಮೊಟ್ಟೆ ಬರುವುದು ಹತ್ತಿರ ಎಂದು ತಿಳಿಯಬೇಕು. ಮೊಟ್ಟೆ ಇಟ್ಟ ಮೇಲೆ ತಂದೆ ತಾಯಿ ಸೇರಿ ತೊಟ್ಟಿಯ ಅರ್ಧದಷ್ಟನ್ನು ವಶಪಡಿಸಿಕೊಂಡು ಉಳಿದೆಲ್ಲವನ್ನೂ ಇನ್ನೊಂದು ತುದಿಗೆ ತಳ್ಳುತ್ತವೆ. ಸಾಧುವಾದ ಸೆವೆರಮ್ ಕೂಡ ಆಗ ಬೇರೆಯೇ ಮೀನಾಗುತ್ತದೆ. ಅಂಥ ವೇಳೆಗೆಂದು ತೊಟ್ಟಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಪ್ಲಾಸ್ಟಿಕ್ ಜಾಲರಿಯೊಂದನ್ನು ಮೊದಲೇ ಮಾಡಿಸಿಟ್ಟುಕೊಂಡಿದ್ದರೆ ಹತ್ತು ನಿಮಿಷದಲ್ಲಿ ತೊಟ್ಟಿಯನ್ನು ಎರಡು ಭಾಗ ಮಾಡಬಹುದು.

ಎಂಟನೇ ಹಂತ: ಊಟ ಮತ್ತು ವಾರದ ಕೆಲಸ

ಬೆಳೆದ ಮೀನಿಗೆ ದಿನಕ್ಕೆ ಒಂದೆರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವ ಒಳ್ಳೆಯ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಸಾಕು. ವಾರಕ್ಕೊಂದು ದಿನ ಉಪವಾಸವಿರಲಿ. ತೇಲುವ ಪೆಲೆಟ್ ಆಸ್ಕರ್‌ಗೆ, ಮುಳುಗುವುದು ಜಿಯೋಫೇಗಸ್‌ಗೆ, ಬೇಯಿಸಿದ ಬಟಾಣಿ, ಪಾಲಕ್ ಸೆವೆರಮ್‌ಗೆ. ತೊಟ್ಟಿಯ ಎರಡೂ ತುದಿಗಳಲ್ಲಿ ಒಟ್ಟಿಗೆ ಹಾಕಿದರೆ ಬಲಶಾಲಿಯೊಂದೇ ಎಲ್ಲವನ್ನೂ ನುಂಗಲಾಗದು. ಎರೆಹುಳು ಅಪರೂಪಕ್ಕೆ ಕೊಡಬಹುದು. ಜೀವಂತ ಗೋಲ್ಡ್‌ಫಿಷ್ ಮರಿಗಳನ್ನು ಹಾಕುವ ರೂಢಿಯನ್ನು ಕೈಬಿಡಬೇಕು: ಅವು ರೋಗ ತರುತ್ತವೆ, ಅವುಗಳ ಮೈಯಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ತಿಂದ ಮೀನಿನ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಕೋಳಿ, ದನದ ಮಾಂಸದ ಕೊಬ್ಬು ಈ ಮೀನುಗಳಿಗೆ ಜೀರ್ಣವಾಗುವಂಥದ್ದಲ್ಲ.

ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಿ, ನೈಟ್ರೇಟ್ 40 ಪಿಪಿಎಂ ಒಳಗಿದೆಯೇ ನೋಡಿ, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು, ಕ್ಲೋರಿನ್ ತಗುಲಿದರೆ ಬ್ಯಾಕ್ಟೀರಿಯ ಸಾಯುತ್ತದೆ. ಆಸ್ಕರ್, ಸೆವೆರಮ್‌ಗಳ ಹಣೆಯಲ್ಲಿ ಚುಚ್ಚಿದಂಥ ಸಣ್ಣ ಕುಳಿಗಳು ಕಾಣಿಸಿಕೊಂಡರೆ ಔಷಧಿಗೆ ಓಡುವ ಮುನ್ನ ನೀರನ್ನೂ ಊಟವನ್ನೂ ನೋಡಿ. ಬಹಳ ಸಲ ಅದು ಹಳಸಿದ ನೀರಿನ ಮತ್ತು ಒಂದೇ ಬಗೆಯ ಆಹಾರದ ಫಲ, ಬೇಗ ಸರಿಪಡಿಸಿದರೆ ಕುಳಿ ಮುಚ್ಚಿಕೊಳ್ಳುತ್ತದೆ. ನೀರು ಕೆಟ್ಟ ವಾರಗಳಲ್ಲಿ ಜಗಳವೂ ಹೆಚ್ಚುತ್ತದೆ ಎಂಬುದನ್ನು ಗಮನಿಸಿ ನೋಡಿದವರೆಲ್ಲ ಬಲ್ಲರು.

ಎಷ್ಟು ಎಚ್ಚರ ವಹಿಸಿದರೂ ಒಂದು ಮೀನು ಗುಂಪಿಗೆ ಹೊಂದದೆ ಉಳಿಯಬಹುದು. ಅದನ್ನು ಕೊಂಡ ಅಂಗಡಿಗೆ ಮರಳಿಸಿ, ಅಥವಾ ದೊಡ್ಡ ತೊಟ್ಟಿ ಇರುವ ಇನ್ನೊಬ್ಬರಿಗೆ ಕೊಡಿ. ಅರ್ಧ ನೀರು ತುಂಬಿದ, ಮುಚ್ಚಳವಿರುವ ಬಕೆಟ್ಟಿನಲ್ಲಿ ಬ್ಯಾಟರಿ ಏರ್ ಪಂಪ್ ಹಾಕಿ ಒಯ್ಯುವುದು ಸುರಕ್ಷಿತ. ಬೆನ್ನಿನ ಮುಳ್ಳುಗಳು ಪ್ಲಾಸ್ಟಿಕ್ ಚೀಲವನ್ನು ತೂತು ಮಾಡುತ್ತವೆ. ಹೆಬ್ಬಾಳದ್ದೋ ಹಲಸೂರಿನದ್ದೋ ಯಾವ ಕೆರೆಗೂ ಅದನ್ನು ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯವೂ ಒಂದು ಸಿಕ್ಲಿಡ್ಡೇ, ಅದು ನಮ್ಮ ಕೆರೆಗಳಲ್ಲಿ ತುಂಬಿಕೊಂಡು ಸ್ಥಳೀಯ ಮೀನುಗಳ ಜಾಗವನ್ನು ಹೇಗೆ ಕಬಳಿಸಿದೆ ಎಂಬುದು ಕೆರೆಯ ಮೀನುಗಾರರನ್ನು ಕೇಳಿದರೆ ತಿಳಿಯುತ್ತದೆ. ಕೊಡಲು ಯಾರಾದರೂ ಸಿಗುವವರೆಗೆ ಆ ಮೀನು ಜಾಲರಿಯ ಆಚೆ ಬದಿಯಲ್ಲಿ, ತನ್ನದೇ ಕುಂಡ, ತನ್ನದೇ ಪಾಲಿನ ಊಟದೊಂದಿಗೆ ಇರಲಿ.